ಬಳೆಯ ಅಳತೆ

ಮದುವೆಗೆ ಮೊದಲು ಕುಮುದಾಳಿಗೆ ತಾನೇ ಆರಿಸಿ ಏನಾದರೂ ಕೊಡಿಸಬೇಕೆಂದು ನಂದೀಶ ಅವಳನ್ನು ತುಮಕೂರಿನ ಚಿನ್ನದಂಗಡಿಗೆ ಕರೆತಂದಿದ್ದ. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡಳೆಂದು ಅವನು ಹೇಳಿದ್ದ. ಯಾವ ಕಾಯಿಲೆ ಎಂದು ಅವಳು ಕೇಳಿರಲಿಲ್ಲ.

ತಟ್ಟೆ ತುಂಬ ಬಳೆಗಳಿದ್ದವು. ಅವನು ಹುಡುಕಲೇ ಇಲ್ಲ. ಒಂದು ಜೋಡಿಯನ್ನು ನೇರವಾಗಿ ಎತ್ತಿಕೊಂಡು ಅವಳ ಕೈಗೆ ತೊಡಿಸಲು ಹೋದ. ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು.

"ಸರ್, ಮೇಡಂಗೆ ಇದು ಚಿಕ್ಕದಾಗುತ್ತೆ. ಇದೇ ಡಿಸೈನಲ್ಲಿ ದೊಡ್ಡದು ತೋರಿಸ್ತೀನಿ," ಎಂದಳು ಅಂಗಡಿಯ ಹುಡುಗಿ.

"ಬೇಡ, ಇದೇ ಅಳತೆ ಇರಲಿ," ಎಂದು ಅವನು ಇನ್ನಷ್ಟು ಒತ್ತಿದ.

"ನೋಯ್ತಿದೆ ರೀ," ಕುಮುದಾ ನಗಲು ನೋಡಿದಳು. "ದೊಡ್ಡದೇ ತಗೊಳ್ಳೋಣ. ಇದನ್ನ ಹಾಕ್ಕೊಳ್ಳೋಕೇ ಆಗಲ್ಲ."

ನಂದೀಶ ಬಳೆಯನ್ನು ತೆಗೆದು, ಕೆಂಪಾದ ಅವಳ ಕೈಯನ್ನು ಮೆಲ್ಲಗೆ ಸವರಿದ. ಅವನ ದನಿಯಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ.

"ಮೊದಮೊದಲು ಅವಳೂ ಹೀಗೇ ಅಂತಿದ್ಲು. ನಮ್ಮನೇಲಿ ಒಂದು ವರ್ಷ ಇರು, ಆಮೇಲೆ ನಿನ್ನ ಕೈಯಿಂದಲೂ ತಾನಾಗೇ ಜಾರಿ ಬೀಳುತ್ತೆ."