ಗಾಂಜಾ ವಿಚಾರಿಸಿದ ಹುಡುಗ

"ತಮ್ಮಾ, ನಿಂಗೆ ಗಾಂಜಾ ಅಭ್ಯಾಸ ಎಷ್ಟು ವರ್ಷದಿಂದ ಐತೆ?"

ಹುಡುಗನನ್ನು ನೋಡಲೆಂದು ಸ್ಲೈಗೋ ಊರಿನಿಂದ ಮೂರು ಗಂಟೆ ರೈಲಿನಲ್ಲಿ ಕೂತು ಬಂದ ರಾಮಲಿಂಗಪ್ಪನವರು, ನಮ್ಮ ಮನೆಯ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ ಪ್ರಶ್ನೆ ಇದು. ನನ್ನ ರೂಮ್‌ಮೇಟ್ ತೇಜುವಿನ ಮುಖ ಎಷ್ಟು ಬಿಳುಚಿತೆಂದರೆ, ಆ ಗಳಿಗೆಯಲ್ಲಿ ಇಡೀ ಡಬ್ಲಿನ್ನಿನಲ್ಲಿ ಅವನಿಗಿಂತ ಬೆಳ್ಳಗಿನ ಐರಿಷ್ ಮನುಷ್ಯ ಒಬ್ಬನೂ ಇರಲಿಲ್ಲ.

"ನಂಗಾ? ಗಾಂಜಾನಾ? ಅಂಕಲ್!"

ರಾಮಲಿಂಗಪ್ಪನವರ ಮಗಳು ಬಿಂದುಶ್ರೀ ಸ್ಲೈಗೋ ಆಸ್ಪತ್ರೆಯಲ್ಲಿ ಡಾಕ್ಟರು. ತೇಜು ಇಲ್ಲಿ ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಎಂ.ಎಸ್ಸಿ ಓದುವವನು. ಅವರಿಬ್ಬರಿಗೂ ಒಪ್ಪಿಗೆಯಾಗಿತ್ತು, ಬಾಕಿ ಇದ್ದದ್ದು ಅಪ್ಪನ ಒಂದು ಹೂಂ. ಮಗಳ ಮನೆಗೆಂದು ದಾವಣಗೆರೆಯಿಂದ ಬಂದಿದ್ದ ಈ ಅಪ್ಪ ನಾಲ್ಕು ಜನರನ್ನು ವಿಚಾರಿಸದೆ ಬೆಂಡೆಕಾಯಿಯನ್ನೂ ಕೊಳ್ಳುವವರಲ್ಲ. ಅದಕ್ಕೇ ತೇಜು "ನನ್ನ ಬಗ್ಗೆ ಇವರನ್ನೆಲ್ಲ ಕೇಳಿ" ಎಂದು ಹನ್ನೊಂದು ಜನರ ಹೆಸರು, ನಂಬರು ಕಳಿಸಿದ್ದ. ಪಟ್ಟಿಯ ಮೊದಲ ಹೆಸರು ಯಾಸೀನ್, ಅಂದರೆ ನಾನು. ಹನ್ನೊಂದರಲ್ಲಿ ತೂಕದ ಸಾಕ್ಷಿ ನಾನೇ ಎಂದು ಬೇರೆ ಹೇಳಬೇಕಿಲ್ಲ. ನಾನು ಬಾಯಿಬಿಟ್ಟು ಹೊಗಳಿದರೆ ಲೆಪರ್ಡ್ಸ್‌ಟೌನ್ ರೇಸಿನ ಕುಂಟು ಕುದುರೆಗೂ ಗಿರಾಕಿ ಹುಟ್ಟುತ್ತಾನೆ.

ರಾಮಲಿಂಗಪ್ಪನವರು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. "ಇಲ್ಲಿ ಕೇಳು. ಕನ್ನಡ ಸಂಘದ ಜಯಶೀಲಾ ಮೇಡಂ ಅಂದಿದ್ದು, 'ಹುಡುಗ ಚಿನ್ನ. ಹೋದ ವಾರ ಫೋನ್ ಮಾಡಿ ಗಾಂಜಾ ಬಗ್ಗೆ ಕೇಳ್ದ.' ನಿಮ್ಮ ಹೆಡ್‌ಮಾಸ್ಟ್ರು, 'ಹತ್ತು ವರ್ಷ ಆದ್ಮೇಲೆ ನನ್ನ ನೆನೆಸ್ಕೊಂಡ, ಗಾಂಜಾ ಬಗ್ಗೆ ಕೇಳೋಕೆ.' ನಿಮ್ಮ ಸೋದರಮಾವ ಅಂತೂ ಅತ್ತೇಬಿಟ್ರು. ಈ ಯಾಸೀನ್ ಸಾಹೇಬ್ರು ಏನಂದ್ರು ಗೊತ್ತಾ? 'ಕಣ್ಣು ಬಿಟ್ರೆ ಗಾಂಜಾ, ಕಣ್ಣು ಮುಚ್ಚಿದ್ರೆ ಗಾಂಜಾ. ಅಂಥ ಶ್ರದ್ಧೆ ನಾನೆಲ್ಲೂ ನೋಡಿಲ್ಲ ಅಂಕಲ್!'"

ತೇಜು ನನ್ನತ್ತ ತಿರುಗಿದ. "ಹಂಗಂದ್ಯೇನೋ?"

"ಹೊಗಳಿದ್ದು ಕಣೋ! ಓಟಿನ ವಿಷ್ಯ ಹೇಳೋದೊಂದು ಬಿಟ್ಟೋಯ್ತು."

"ಯಾವ ಓಟು?" ಎಂದರು ರಾಮಲಿಂಗಪ್ಪನವರು.

ತೇಜು ಒಳಗೆ ಓಡಿ, ತಾನು ವಿಚಾರಿಸಿ ಬರೆದಿಟ್ಟ ಕಾಗದದ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟ. ಆ ಭಾರಕ್ಕೆ ಕೆಳಮನೆಯವರ ದೀಪ ಉದುರದೆ ಉಳಿದದ್ದೇ ಪುಣ್ಯ. "ನಮ್ಮ ಕಾಲೇಜಿನ ಸ್ಟೂಡೆಂಟ್ಸ್ ಯೂನಿಯನ್ ಓಟು ಅಂಕಲ್. ಗಾಂಜಾನ ಕಾನೂನುಬದ್ಧ ಮಾಡ್ಬೇಕಾ, ಬೇಡ್ವಾ ಅಂತ ಓಟಿಂಗ್ ಇದೆ. ತಿಳ್ಕೊಳ್ದೆ ಹೆಂಗೆ ಹಾಕೋದು? ಅದಕ್ಕೇ ನಾನು ನಂಬೋ ದೊಡ್ಡವರನ್ನೆಲ್ಲ ಕೇಳ್ದೆ."

ಅವನು ನಂಬುವ ದೊಡ್ಡವರೆಂದರೆ ಅದೇ ಹನ್ನೊಂದು ಜನ. ಓಟಿನ ವಿಷಯವನ್ನು ಅವರೆಲ್ಲರಿಗೂ ಬಿಡಿಸಿ ಹೇಳಿದ್ದನಂತೆ. ಆದರೆ ಮದುವೆಗೆ ಬಂದ ಹುಡುಗನ ಬಾಯಲ್ಲಿ ಗಾಂಜಾ ಎಂಬ ಮಾತು ಕೇಳಿದ ಮೇಲೆ ಮುಂದಿನದು ಯಾರಿಗೆ ನೆನಪಿರುತ್ತದೆ?

"ನೀವು ಗೆದ್ರೆ ಗಾಂಜಾ ಕೊಡ್ತಾರಾ?"

"ಇಲ್ಲ ಅಂಕಲ್. ಯೂನಿಯನ್‌ನೋರು ಸರ್ಕಾರಕ್ಕೆ ಒಂದು ಪತ್ರ ಬರೀತಾರೆ."

"ಸರ್ಕಾರ ಏನ್ ಮಾಡುತ್ತೆ?"

"ಪತ್ರ ತಲುಪಿದೆ ಅಂತ ವಾಪಸ್ ಒಂದು ಪತ್ರ ಬರೀಬಹುದು."

"ಸರಿ. ನೀನು ಏನ್ ಹಾಕ್ದೆ? ಬೇಕು ಅಂತಲೋ, ಬೇಡ ಅಂತಲೋ?"

"ಇನ್ನೂ ಡಿಸೈಡ್ ಆಗಿಲ್ಲ ಅಂಕಲ್. ಸಂಜೆ ಐದರವರೆಗೂ ಟೈಮ್ ಇದೆ."

ಸ್ನೇಹಿತ ಮುಳುಗುತ್ತಿರುವಾಗ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. "ಅವ್ನು ಹಂಗೇ ಅಂಕಲ್, ತುಂಬಾ ಗ್ರ್ಯಾಂಡ್ ಹುಡುಗ! ಒಂದು ಕೆಟಲ್ ತಗೊಳ್ಳೋಕೆ ಏಳು ತಿಂಗಳು ವಿಚಾರಿಸ್ದ. ಅಷ್ಟರಲ್ಲಿ ಆ ಕೆಟಲ್ ಕಂಪನಿನೇ ಮುಚ್ಚೋಯ್ತು" ಎಂದೆ.

ರಾಮಲಿಂಗಪ್ಪನವರು ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟರು. ಅವರ ದನಿ ಗಡುಸಾಗಿತ್ತು. "ಒಂದು ಪತ್ರಕ್ಕೆ ಹನ್ನೊಂದು ಜನ. ಒಂದು ಕೆಟಲ್‌ಗೆ ಏಳು ತಿಂಗಳು. ನನ್ನ ಮಗಳ ವಿಷ್ಯದಲ್ಲಿ ಎಷ್ಟು ಜನಾನ ವಿಚಾರಿಸಿದೀಯ, ಅದನ್ನ ಹೇಳು."

ತೇಜು ತಲೆ ತಗ್ಗಿಸಿದ. "ಯಾರನ್ನೂ ಇಲ್ಲ ಅಂಕಲ್."

"ಒಬ್ಬರನ್ನೂ?"

"ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆಗೆ ಹಾಲು ಹಾಕಿಸ್ಕೊಳ್ಳೋದಾ, ತುಪ್ಪಾನಾ ಅಂತ ಯೋಚನೆ ಮಾಡ್ತಾ ನಿಂತಿದ್ದೆ. ಹಿಂದೆ ಮೂವತ್ತು ಜನ ಕಾಯ್ತಿದ್ರು. ಬಡಿಸ್ತಿದ್ದಿದ್ದು ಬಿಂದು. ನನ್ನ ಕೇಳ್ಲೇ ಇಲ್ಲ. ಎರಡನ್ನೂ ಸುರಿದು 'ಮುಂದೆ ಹೋಗಿ' ಅಂದ್ಳು." ತೇಜು ತಲೆಯೆತ್ತಿದ. "ಆಮೇಲೆ ಇನ್ಯಾರನ್ನ ಕೇಳೋದಿತ್ತು ಅಂಕಲ್?"

ಮನೆಯೊಳಗೆ ಎಂಥ ನಿಶ್ಶಬ್ದವೆಂದರೆ, ಒಂದೂವರೆ ಮೈಲಿ ದೂರದ ಕಾಲುವೆಯಲ್ಲಿ ಹಂಸವೊಂದು ರೆಕ್ಕೆ ಕೊಡವಿದ್ದು ನನಗೆ ಇಲ್ಲಿಗೆ ಕೇಳಿಸಿತು. ಅದೂ ಎಡಗಡೆಯ ರೆಕ್ಕೆ.

ಅಷ್ಟರಲ್ಲಿ ರಾಮಲಿಂಗಪ್ಪನವರ ಫೋನ್ ಹೊಡೆದುಕೊಂಡಿತು. ಸ್ಲೈಗೋದಿಂದ ಬಿಂದುಶ್ರೀ. "ಅಪ್ಪಾ, ಏನಾಯ್ತು? ನೀವು ಹೂಂ ಅಂದ್ರೋ, ಊಹೂಂ ಅಂದ್ರೋ?"

"ಇರವ್ವ, ಕೆಲಸದಲ್ಲಿದೀನಿ" ಎಂದು ಅವರು ಫೋನ್ ಇಟ್ಟರು. ಕನ್ನಡಕ ಏರಿಸಿ, ಕಟ್ಟನ್ನು ತಮ್ಮತ್ತ ಎಳೆದುಕೊಂಡು, ಬೆರಳಿಗೆ ಎಂಜಲು ಹಚ್ಚಿ ಮೂರನೇ ಪುಟ ತಿರುವಿದರು.

"ಅಲ್ರೀ ಅಳಿಯಂದ್ರೇ," ಎಂದರು, ತಲೆಯೆತ್ತದೆ. "ಇಲ್ಲಿ ಕೆನಡಾದಲ್ಲಿ ಗಾಂಜಾ ಕಾನೂನುಬದ್ಧ ಅಂತ ಬರ್ದಿದೀರಲ್ಲ, ಅಲ್ಲಿ ಖುದ್ದು ಯಾರನ್ನ ವಿಚಾರಿಸಿದ್ರಿ?"