ಕೆಂಪು ಬಸ್ಸಿನ ಎಡಗಡೆ

ಅತ್ತೆ ಒದ್ದೆ ಬಟ್ಟೆ ಹಿಡಿದು ಬಸ್ಸಿನಾಕಾರದ ಕೇಕಿನ ನಂಬರ್ ಪ್ಲೇಟನ್ನು ಒರೆಸಲು ಬಾಗಿದ್ದನ್ನು ಕಂಡು ಸೊಸೆ ಓಡಿಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

"ಅಯ್ಯೋ ಅತ್ತೆ, ಏನ್ ಮಾಡ್ತಿದೀರಿ? ಎರಡು ದಿನದ ಕೆಲಸ ಅದು!"

"ಕೈ ಬಿಡು. ಅವರು ಬರೋದ್ರೊಳಗೆ ಈ ನಂಬರ್ ಹೋಗ್ಬೇಕು."

"ಯಾಕೆ ಹೋಗ್ಬೇಕು? ಮಾವನ ಬಸ್ಸಿನ ನಂಬರೇ ಅದು. ಅವರ ಬೀರುವಿನಲ್ಲಿದ್ದ ಫೋಟೋ ನೋಡ್ಕೊಂಡೇ ಬರ್ದಿದ್ದು."

"ಗೊತ್ತು ಕಣೇ ತಾಯಿ, ಅದಕ್ಕೇ ಒರೆಸ್ತಿರೋದು!"

ಎಳೆದಾಟದಲ್ಲಿ ಬಸ್ಸಿನ ಮೂತಿಯ ಮೇಲೆ ಒಂದು ಹೆಬ್ಬೆರಳಿನ ಗುಳಿ ಬಿತ್ತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು.

ಸೊಸೆ ಈ ಮನೆಗೆ ಬಂದು ಐದು ತಿಂಗಳು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ತವರಿನಲ್ಲಿ ಯಾರ ಹುಟ್ಟುಹಬ್ಬ ಬಂದರೂ ಕೇಕು ಅವಳದೇ. ತಮ್ಮನಿಗೆ ಗಿಟಾರು, ಚಿಕ್ಕಪ್ಪನಿಗೆ ಹೊಲಿಗೆ ಯಂತ್ರ, ಅಜ್ಜಿಗೆ ಅವರ ಕಿವಿಹರಕ ಬೆಕ್ಕು. ಮೂವತ್ತು ವರ್ಷ ಬಸ್ಸು ಓಡಿಸಿದ ಮಾವನ ಹುಟ್ಟುಹಬ್ಬಕ್ಕೆ ಬಸ್ಸಲ್ಲದೆ ಇನ್ನೇನು? ಯಾರಿಗೂ ತೋರಿಸದೆ, ನಾಲ್ಕು ಸ್ಪಂಜು ಕೇಕುಗಳನ್ನು ಬೆಣ್ಣೆ ಕ್ರೀಮು ಹಚ್ಚಿ ಒಂದರ ಮೇಲೊಂದು ಕೂರಿಸಿ, ಅಂಚು ಹೆರೆದು, ಕೆಂಪು ಬಣ್ಣ ಸೇರಿಸಿ ನಾದಿದ ಸಕ್ಕರೆ ಹಿಟ್ಟನ್ನು ಲಟ್ಟಿಸಿ ಹೊದಿಸಿದ್ದಳು. ಚಾಕೊಲೇಟಿನಲ್ಲಿ ಅದ್ದಿದ ಬಿಸ್ಕತ್ತಿನ ಗಾಲಿ. ಕರಗಿಸಿ ತಟ್ಟೆಗೆ ಸುರಿದು ಆರಿಸಿದ ಸಕ್ಕರೆಯೇ ಕಿಟಕಿಯ ಗಾಜು. ಹೆರೆದ ಚೂರು ದಂಡವಾಗಬಾರದೆಂದು ಅದನ್ನೇ ಉಂಡೆ ಕಟ್ಟಿ, ಕಣ್ಣು ಬಾಯಿ ಬರೆದು, ಕಿಟಕಿಗೊಬ್ಬ ಪ್ರಯಾಣಿಕನನ್ನು ಕೂರಿಸಿದ್ದಳು. ಫೋಟೋದಲ್ಲಿ ಬಸ್ಸಿನ ಮುಂಭಾಗ ಮತ್ತು ಬಲಗಡೆ ಮಾತ್ರ ಕಾಣುತ್ತಿತ್ತು. ಎಡಗಡೆಯನ್ನೂ ಹಾಗೆಯೇ ಮಾಡಿ ಒಂದು ಬಾಗಿಲು ಸೇರಿಸಿದ್ದಳು, ಅಷ್ಟೆ.

"ಎಂಟು ವರ್ಷ ಆಯ್ತು," ಅತ್ತೆ ಕುರ್ಚಿಯಲ್ಲಿ ಕುಸಿದರು. "ಇದೇ ಬಸ್ಸು. ಅಡ್ಡರಸ್ತೆಯಿಂದ ಲಾರಿ ನುಗ್ಗಿ ಎಡಗಡೆ ಪೂರ್ತಿ ಸೀಳ್ಕೊಂಡು ಹೋಯ್ತು. ಕಿಟಕಿ ಹತ್ರ ಕೂತಿದ್ದ ನಾಲ್ಕು ಜನ ಹೋಗ್ಬಿಟ್ರು. ತಪ್ಪು ಲಾರಿಯವನದು ಅಂತ ಕೋರ್ಟೇ ಹೇಳ್ತು. ಬಲಗಡೆ ಸ್ಟಿಯರಿಂಗ್ ಹಿಡ್ಕೊಂಡಿದ್ದ ಇವರಿಗೆ ಒಂದು ಗೀರೂ ಇಲ್ಲ. ಅವತ್ತಿಂದ ಬಸ್ಸು ಹತ್ತಿಲ್ಲ ಅವರು."

"ಡಾಕ್ಟರ್ ಹೇಳಿದ್ದಕ್ಕೆ ಎಲ್ಲಾ ಕಡೆ ನಡ್ಕೊಂಡು ಹೋಗ್ತಾರೆ ಅಂದ್ಕೊಂಡಿದ್ದೆ…"

"ಯಾವ ಡಾಕ್ಟರು, ನನ್ನ ತಲೆ!"

"ಮತ್ತೆ ನನಗ್ಯಾಕೆ ಒಬ್ರೂ ಹೇಳ್ಲಿಲ್ಲ?"

ಅತ್ತೆ ಒದ್ದೆ ಬಟ್ಟೆಯನ್ನು ಮಡಚತೊಡಗಿದರು. ಸೊಸೆಗೆ ಅವಳ ಗಂಡನೂ ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದನ್ನೇ ದೊಡ್ಡ ಉಪಕಾರ ಅಂದುಕೊಂಡ ಮನೆ ಅದು. ಒಬ್ಬ ಮನುಷ್ಯ ಎಂಟು ವರ್ಷ ಒಳಗೊಳಗೇ ಬೇಯುತ್ತಿದ್ದರೆ, ಅವನೆದುರು ಕೂತು ಟೊಮೆಟೊ ಕೊಳೆತಿರುವ ವಿಷಯ ಮಾತಾಡುವ ಮನೆ.

ಗೇಟು ಕಿರುಗುಟ್ಟಿತು. ಒರೆಸಲು ಹೊತ್ತಿರಲಿಲ್ಲ. ಸೊಸೆ ಕೇಕಿನ ಹಲಗೆಯನ್ನು ಗರ್ರನೆ ತಿರುಗಿಸಿ ಬಸ್ಸಿನ ಮೂತಿಯನ್ನು ಗೋಡೆಗೆ ಮಾಡಿದಳು.

ಮಾವ ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಒಳಬಂದವರು ಮೇಜಿನ ಮುಂದೆ ನಿಂತುಬಿಟ್ಟರು. ಅವರ ಮುಖ ನೋಡುವ ಧೈರ್ಯ ಸೊಸೆಗಾಗಲಿಲ್ಲ.

"ಯಾರು ಹೀಗೆ ನಿಲ್ಸಿದ್ದು?" ಅಂದರು.

"ಏನು ಮಾವ?"

"ಮೂತಿ ಗೋಡೆಗೆ ಕೊಟ್ಟು ನಿಲ್ಸಿದೀರಲ್ಲ, ಬೆಳಗ್ಗೆ ಆಚೆ ತೆಗೆಯೋದು ಹೇಗೆ? ಡಿಪೋದಲ್ಲಿ ಹೀಗೆ ನಿಲ್ಸಿದ್ರೆ ಮ್ಯಾನೇಜರು ಜನ್ಮ ಜಾಲಾಡ್ತಿದ್ದ."

"ಬೆಳಗ್ಗೆ ತನಕ ಅದೆಲ್ಲಿ ಉಳಿಯತ್ತೆ, ಇರ್ಲಿ ಬಿಡ್ರೀ," ಅತ್ತೆ ಅಡ್ಡ ಬಂದರು.

ಅಷ್ಟರಲ್ಲಿ ಮಾವ ಎರಡೂ ಕೈಯಲ್ಲಿ ಹಲಗೆ ಹಿಡಿದು, ಗಾಲಿ ಅಲುಗದ ಹಾಗೆ ಬಸ್ಸನ್ನು ತಿರುಗಿಸಿಬಿಟ್ಟಿದ್ದರು. ನಂಬರು ಅವರ ಮುಖಕ್ಕೇ ಬಂತು. ತುಟಿ ಅಲ್ಲಾಡಿಸುತ್ತಾ ಒಂದೊಂದೇ ಅಂಕಿ ಓದಿದರು.

"ಮಾವ, ನಿಜವಾಗ್ಲೂ ನನಗೆ ಗೊತ್ತಿರ್ಲಿಲ್ಲ…" ಅಂದಳು ಸೊಸೆ.

ಅವರು ಸುಮ್ಮನಿರು ಎಂಬಂತೆ ಕೈ ಎತ್ತಿದರು. ಮೇಜು ಬಳಸಿ ಬಸ್ಸಿನ ಎಡಗಡೆಗೆ ಹೋದರು. ಮಂಡಿ ಹಿಡಿದು ಬಾಗಿ, ಕಿಟಕಿಗಳ ಮಟ್ಟಕ್ಕೆ ಕಣ್ಣು ತಂದರು. ಮುಟ್ಟಲಿಲ್ಲ. ಒಂದು ಬೆರಳನ್ನು ಮಾತ್ರ ಕಿಟಕಿಯಿಂದ ಕಿಟಕಿಗೆ ಸರಿಸುತ್ತಾ ಹೋದರು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ.

"ಎಲ್ಲಾರೂ ಕೂತಿದಾರೆ," ಅಂದರು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ರೀ, ಇದನ್ನ ಕಟ್ ಮಾಡೋದು ಬೇಡ. ಒಳಗಿಟ್ಟು ಬರ್ತೀನಿ."

"ಯಾಕೆ ಬೇಡ? ಹುಡುಗಿ ಎರಡು ದಿನ ಒದ್ದಾಡಿ ಮಾಡಿದಾಳೆ. ಚಾಕು ಕೊಡಮ್ಮ."

ಸೊಸೆ ಚಾಕು ಕೊಟ್ಟಳು. ಮಾವ ಮೇಜು ಹಿಡಿದು ಮೇಲೆದ್ದು, ಮತ್ತೆ ಸುತ್ತು ಹಾಕಿ ಬಲಗಡೆಗೆ ಬಂದರು. ಡ್ರೈವರ್ ಕೂರುವ ಕಿಟಕಿಯ ನೇರಕ್ಕೆ ಅಲಗು ಇಟ್ಟರು.

"ಇಲ್ಲಿಂದ ಶುರು ಮಾಡೋಣ."