ಮಾವನ ಮಜ್ಜಿಗೆ

ಮಾವನ ಪಾದಗಳು ಸದಾ ಜೋಮು ಹಿಡಿಯುತ್ತಿದ್ದವು; ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. "ಬಿ12 ಕೊರತೆ. ಸಸ್ಯಾಹಾರಿಗಳಿಗೆ ಸಾಮಾನ್ಯ," ಎಂದು ಡಾಕ್ಟರು ಕ್ಯಾಪ್ಸೂಲ್ ಬರೆದುಕೊಟ್ಟರು.

"ಅದರ ಸಿಪ್ಪೆ ಪ್ರಾಣಿಗಳ ಮೂಳೆಯಿಂದ ಮಾಡೋದು. ಪ್ರಾಣ ಹೋದ್ರೂ ಬಾಯಿಗೆ ಹಾಕಲ್ಲ," ಎಂದರು ಮಾವ. ಪಕ್ಕದಲ್ಲೇ ಕೂತಿದ್ದ ಅತ್ತೆ ತಮ್ಮ ಹೃದಯದ ಮಾತ್ರೆ ನುಂಗಿದರು.

ಸೊಸೆ ವಾದಿಸಲಿಲ್ಲ. ಸಿಪ್ಪೆ ಬಿಚ್ಚಿ ಎಸೆದು, ಒಳಗಿನ ಪುಡಿಯನ್ನು ದಿನವೂ ಗುಟ್ಟಾಗಿ ಅವರ ಮಜ್ಜಿಗೆಗೆ ಬೆರೆಸಿದಳು.

ಕೆಲವೇ ತಿಂಗಳಲ್ಲಿ ಮಾವ ಕೋಲು ಮೂಲೆಗಿಟ್ಟರು. ಒಂದು ಬೆಳಿಗ್ಗೆ ಅಡುಗೆಮನೆಗೆ ನಡೆದೇ ಬಂದರು.

"ನೋಡಿದ್ಯೇನಮ್ಮ? ಬರೀ ಮಜ್ಜಿಗೆ! ಡಾಕ್ಟರ ಮಾತೆಲ್ಲ ಬುರುಡೆ."

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಅದಕ್ಕೇ ಹೋದ ವಾರದಿಂದ ನಿಮ್ಮತ್ತೆಗೂ ಮಾತ್ರೆ ನಿಲ್ಲಿಸಿ ಮಜ್ಜಿಗೆ ಕುಡಿಸ್ತಿದ್ದೀನಿ. ಯಾಕೋ ಇವತ್ತು ಎಷ್ಟು ಕೂಗಿದ್ರೂ ಏಳ್ತಿಲ್ಲ, ನೀನೇ ಎಬ್ಬಿಸು."